ಕಲಿಸುವ ಟಿ.ವಿ.ಗೆ ದಿನಕ್ಕೆ ಅರ್ಧ ಗಂಟೆಯಾದರೂ ಉಳಿಯಲಿ

ಮಾನ್ಯ ಸಂಪಾದಕರೇ,

ಟಿ.ವಿ. ಕೆಟ್ಟುಹೋಗಿದೆ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುವಂಥದ್ದು ಏನೂ ಉಳಿದಿಲ್ಲ ಎಂಬ ದೂರು ನಿಮ್ಮ ವಾಚಕರ ವಿಭಾಗದಲ್ಲಿ ಆಗಾಗ ಪ್ರಕಟವಾಗುತ್ತಿರುತ್ತದೆ. ಅಂಥ ಪತ್ರಗಳಲ್ಲಿ ಹೆಚ್ಚಿನವು ಕೊನೆಗೆ ನೋಡುಗರ ಅಭಿರುಚಿಯ ಮೇಲೆಯೇ ತಪ್ಪು ಹೊರಿಸುತ್ತವೆ. ಜನ ಬಯಸಿದ್ದನ್ನೇ ಕೊಡುತ್ತಿದ್ದೇವೆ ಎಂದು ವಾಹಿನಿಗಳು ಹೇಳಿಕೊಳ್ಳುವುದೂ ಹೆಚ್ಚುಕಡಿಮೆ ಇದನ್ನೇ. ರಾಯಚೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿರುವ ನಾನು ಈ ವಾದವನ್ನು ಒಪ್ಪಲಾರೆ. ಕಲಿಸುವುದಕ್ಕೆಂದೇ ಹುಟ್ಟಿದ ವಾಹಿನಿಯೊಂದು ರಿಯಾಲಿಟಿ ಷೋಗಳ ವಾಹಿನಿಯಾಗಿ ಮಾರ್ಪಟ್ಟ ಕಥೆಯನ್ನು ಮೊದಲಿನಿಂದ ನೋಡಿದರೆ, ಜನರ ಅಭಿರುಚಿಗಿಂತ ಮೊದಲು ಬದಲಾದದ್ದು ವಾಹಿನಿಯ ಖರ್ಚನ್ನು ಯಾರು ಭರಿಸುತ್ತಾರೆ ಎಂಬ ಸಂಗತಿ ಎನ್ನುವುದು ಸ್ಪಷ್ಟವಾಗುತ್ತದೆ. ಆ ಕಥೆಗೂ ನಮ್ಮ ಜಿಲ್ಲೆಗೂ ಒಂದು ನಂಟಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

1974ರ ಮೇ 30ರಂದು ಅಮೆರಿಕದ ನಾಸಾ ಸಂಸ್ಥೆ ಎಟಿಎಸ್-6 ಎಂಬ ಉಪಗ್ರಹವನ್ನು ಹಾರಿಸಿತು. ಸುಮಾರು 9 ಮೀಟರ್ ಅಗಲದ ಆಂಟೆನಾ ಹೊತ್ತಿದ್ದ ಆ ಉಪಗ್ರಹದ ಸಂಕೇತಗಳು ಎಷ್ಟು ಪ್ರಬಲವಾಗಿದ್ದವೆಂದರೆ, ಅವುಗಳನ್ನು ಹಿಡಿಯಲು ನೆಲದ ಮೇಲೆ ಅಗ್ಗದ, ಸಣ್ಣ ಆಂಟೆನಾ ಇದ್ದರೆ ಸಾಕಾಗುತ್ತಿತ್ತು. ಮೊದಲ ವರ್ಷ ಅದು ಅಮೆರಿಕದ ಪೂರ್ವ ಭಾಗದಲ್ಲಿರುವ ಅಪಲಾಚಿಯಾ ಬೆಟ್ಟಸಾಲಿನ ಶಾಲಾ ಶಿಕ್ಷಕರಿಗೆ ಪಾಠಗಳನ್ನು ತಲುಪಿಸಿತು. ಕಲ್ಲಿದ್ದಲು ಗಣಿಗಳ ಆ ಸೀಮೆ ಬಡತನಕ್ಕೆ ಹೆಸರಾದದ್ದು. ವಿಶ್ವವಿದ್ಯಾಲಯಕ್ಕೆ ಹೋಗಿಬರುವುದು ಕಷ್ಟವಾಗಿದ್ದ ಊರುಗಳ ಶಿಕ್ಷಕರು ಹತ್ತಿರದ ಕೇಂದ್ರದಲ್ಲಿಯೇ ಕುಳಿತು, ಮಕ್ಕಳಿಗೆ ಓದು ಕಲಿಸುವ ಬಗೆಯನ್ನು ಕುರಿತು ಕೆಂಟಕಿ ವಿಶ್ವವಿದ್ಯಾಲಯ ಸಿದ್ಧಪಡಿಸಿದ ಪಾಠಗಳನ್ನು ಕೇಳಿದರು. ಮರುವರ್ಷ ಅದೇ ಉಪಗ್ರಹವನ್ನು ಪೂರ್ವಕ್ಕೆ ಸರಿಸಿ ಭಾರತಕ್ಕೆ ಕಾಣುವಂತೆ ನಿಲ್ಲಿಸಲಾಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ನಡೆಸಿದ, ಉಪಗ್ರಹದ ಮೂಲಕ ಟಿ.ವಿ. ಪಾಠ ತಲುಪಿಸುವ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳು ಅದರ ಮೂಲಕ ಟಿ.ವಿ. ನೋಡಿದವು. ಕರ್ನಾಟಕದಲ್ಲಿ ಆ ಹಳ್ಳಿಗಳಿದ್ದದ್ದು ಆಗಿನ ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳಲ್ಲಿ.

ಆಗ ಬೆಂಗಳೂರಿಗೇ ಟಿ.ವಿ. ಬಂದಿರಲಿಲ್ಲ, ಅಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ನಾನಾಗ ಚಿಕ್ಕ ಹುಡುಗ. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಛತ್ರಿಯಂಥ ಆಂಟೆನಾ ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತಿತ್ತು. ಬೆಳಗಿನ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆಯ ಎರಡೂವರೆ ಗಂಟೆ ಊರವರಿಗೆ ಎಂದು ಹೊತ್ತನ್ನು ಹಂಚಲಾಗಿತ್ತು. ಬೀಜೋಪಚಾರ, ಕುಡಿಯುವ ನೀರಿನ ಶುದ್ಧತೆ, ಬಾಣಂತಿಯ ಆರೈಕೆ ಮುಂತಾದ ವಿಷಯಗಳನ್ನು ಹೊಲದ ಕೆಲಸ ಮುಗಿಸಿ ಬಂದ ಹಿರಿಯರು ನೆಲದ ಮೇಲೆ ಕುಳಿತು ನೋಡುತ್ತಿದ್ದರು. ಆ ಕಾರ್ಯಕ್ರಮಗಳನ್ನು ನಾನು ಅಟ್ಟಕ್ಕೇರಿಸಲು ಹೊರಟಿಲ್ಲ. ನಮಗೆ ಬರುತ್ತಿದ್ದ ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಕೆಲವು ಒಣ ಉಪದೇಶವಾಗಿದ್ದವು, ಕೆಲವು ನಮ್ಮ ಮಳೆ ಬೆಳೆಗೆ ಹೊಂದುತ್ತಿರಲಿಲ್ಲ. ಆದರೂ ಒಂದು ವರ್ಷದ ಆ ಅವಧಿಯಲ್ಲಿಯೇ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ದೊರೆಯಿತು. ಆ ತರಬೇತಿ ಪಡೆದವರ ಕೈಯಲ್ಲಿ ಕಲಿತ ತಲೆಮಾರಿಗೆ ನಾನೂ ಸೇರಿದವನು. 1977ರಲ್ಲಿ ಕಲಬುರ್ಗಿಗೆ ನೆಲದ ಮೇಲಿನ ಪ್ರಸಾರ ಕೇಂದ್ರ ಬರುವುದಕ್ಕೂ ಈ ಪ್ರಯೋಗವೇ ಕಾರಣವಾಯಿತು.

ಈಗ ಅದೇ ಉಪಗ್ರಹದ ಅಮೆರಿಕದ ಕೂಸು ಏನಾಯಿತೆಂದು ನೋಡೋಣ. ಅಪಲಾಚಿಯಾದ ಯೋಜನೆ ಬೆಳೆದು, 1980ರಲ್ಲಿ 'ದಿ ಲರ್ನಿಂಗ್ ಚಾನೆಲ್' ಎಂಬ ಕೇಬಲ್ ವಾಹಿನಿಯಾಯಿತು. ಆರಂಭದ ಸರ್ಕಾರಿ ನೆರವು ಹಿಂದೆ ಸರಿದ ಮೇಲೆ ವಾಹಿನಿಯು ಕೇಬಲ್ ಶುಲ್ಕ ಮತ್ತು ಜಾಹೀರಾತನ್ನು ನೆಚ್ಚಿಕೊಳ್ಳಬೇಕಾಯಿತು. ಲಾಭದ ಉದ್ದೇಶವಿಲ್ಲದ ಮೂಲ ಸಂಸ್ಥೆಯ ಜೊತೆ ಖಾಸಗಿ ಪಾಲುದಾರರು ಸೇರಿಕೊಂಡರು. ಆ ಪಾಲುದಾರ ಕಂಪನಿ ದಿವಾಳಿಯಾದಾಗ, 1991ರಲ್ಲಿ ಡಿಸ್ಕವರಿ ಕಂಪನಿ ವಾಹಿನಿಯನ್ನು ಕೊಂಡುಕೊಂಡಿತು. ಹಾಗೆಂದು ಮಾರನೆಯ ದಿನವೇ ಎಲ್ಲವೂ ಹಾಳಾಗಲಿಲ್ಲ. 1990ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ಪ್ರಾಗೈತಿಹಾಸಿಕ ಜೀವಿಗಳ ಬಗ್ಗೆ, ವಿಜ್ಞಾನದ ಇತಿಹಾಸದ ಬಗ್ಗೆ, ಜಗತ್ತಿನ ಮಹಾಗ್ರಂಥಗಳ ಬಗ್ಗೆ ಗಟ್ಟಿಯಾದ ಸರಣಿಗಳು ಬಂದವು; ಶಾಲೆಗೆ ಸೇರುವ ಮುಂಚಿನ ಮಕ್ಕಳಿಗಾಗಿ ಬೆಳಗಿನ ಹೊತ್ತು ಜಾಹೀರಾತಿಲ್ಲದ ಕಾರ್ಯಕ್ರಮಗಳಿದ್ದವು. ಆ ದಶಕದ ಕೊನೆಯ ಹೊತ್ತಿಗೆ ವಾಹಿನಿಯು ತನ್ನ ಪೂರ್ಣ ಹೆಸರನ್ನು ಬದಿಗಿಟ್ಟು ಮೂರು ಅಕ್ಷರಗಳ 'ಟಿಎಲ್‌ಸಿ' ಆಯಿತು. ಭಾರತದಲ್ಲಿ 2004ರಲ್ಲಿ 'ಡಿಸ್ಕವರಿ ಟ್ರಾವೆಲ್ ಅಂಡ್ ಲಿವಿಂಗ್' ಎಂದು ಆರಂಭವಾಗಿ, 2010ರಲ್ಲಿ 'ಟಿಎಲ್‌ಸಿ' ಎಂದು ಹೆಸರು ಬದಲಿಸಿಕೊಂಡ ವಾಹಿನಿ ನಮ್ಮ ಮನೆಗಳಿಗೂ ಬಂದಿದೆ. ಆ ಮೂರು ಅಕ್ಷರಗಳ ಮೂಲ ಗೊತ್ತಿರುವವರು ಇಲ್ಲಿ ಬಹಳ ಕಡಿಮೆ.

ಪಾಠ ಜಾರಿಹೋದ ಬಗೆಯನ್ನು ಗಮನಿಸಬೇಕು. 2000ದಲ್ಲಿ ಅಲ್ಲಿ ಮನೆ ಅಲಂಕಾರದ ಒಂದು ಕಾರ್ಯಕ್ರಮ ಶುರುವಾಯಿತು. ಅಕ್ಕಪಕ್ಕದ ಇಬ್ಬರು ಮನೆಯವರು ಎರಡು ದಿನಗಳ ಮಟ್ಟಿಗೆ ಮನೆ ಬದಲಿಸಿಕೊಂಡು, 1,000 ಡಾಲರ್ ಖರ್ಚಿನೊಳಗೆ ಒಬ್ಬರ ಕೋಣೆಯನ್ನು ಇನ್ನೊಬ್ಬರು ಹೊಸದಾಗಿ ಸಿಂಗರಿಸಬೇಕು. ಮರಗೆಲಸ ಹೇಗೆ ಮಾಡಬೇಕು, ಗೋಡೆಗೆ ಬಣ್ಣ ಹೇಗೆ ಹಚ್ಚಬೇಕು ಎಂಬ ಕಲಿಕೆ ಅದರಲ್ಲಿ ಇದ್ದೇ ಇತ್ತು. ಆದರೆ ಜನ ಕಾಯುತ್ತಿದ್ದದ್ದು ಕೊನೆಯ ಕೆಲವು ನಿಮಿಷಗಳಿಗಾಗಿ: ಮನೆಯವರು ಮುಚ್ಚಿದ್ದ ಕಣ್ಣು ತೆರೆದು ತಮ್ಮ ಕೋಣೆಯನ್ನು ನೋಡಿದಾಗ ಹಿಗ್ಗುತ್ತಾರೋ, ಅಳುತ್ತಾರೋ ಎಂಬುದಕ್ಕೆ. ಕ್ಯಾಮೆರಾ ಗೋಡೆಯನ್ನು ಬಿಟ್ಟು ಮುಖದ ಮೇಲೆ ನಿಂತಿತು. ಆ ಮುಖಕ್ಕೆ ಹೆಚ್ಚು ಜನ ನೋಡುಗರಿದ್ದಾರೆಂದು ಲೆಕ್ಕ ಸಿಕ್ಕ ಮೇಲೆ ಗೋಡೆಯ ಅಗತ್ಯವೇ ಇರಲಿಲ್ಲ.

ಮುಂದಿನದು ಇಳಿಜಾರು. 2007ರಲ್ಲಿ ಡಿಸ್ಕವರಿಯ ಇನ್ನೊಂದು ವಾಹಿನಿಯಲ್ಲಿ ಧಾರಾವಾಹಿಯಂತೆ ಆರಂಭವಾದ, ಎಂಟು ಮಕ್ಕಳಿರುವ ಸಂಸಾರವೊಂದರ ದಿನಚರಿ ಆಮೇಲೆ ಇಲ್ಲಿಗೆ ಬಂತು. 2009ರ ಮೇ ತಿಂಗಳಲ್ಲಿ ಆ ತಂದೆತಾಯಿಯ ಸಂಬಂಧ ಮುರಿಯುವ ಹಂತಕ್ಕೆ ಬಂದಿದೆ ಎಂಬ ಸುದ್ದಿ ಎಲ್ಲೆಡೆ ಹರಡಿದ್ದಾಗ ಪ್ರಸಾರವಾದ ಕಂತನ್ನು ಸುಮಾರು 98 ಲಕ್ಷ ಜನ ನೋಡಿದರು. ಮನೆಯೊಡೆಯುವ ಹೊತ್ತಿಗೆ ಸರಿಯಾಗಿ ವಾಹಿನಿಯ ಆದಾಯ ಏರುವಂಥ ಈ ವ್ಯವಸ್ಥೆಯಲ್ಲಿ ಆ ಎಂಟು ಮಕ್ಕಳ ಪರವಾಗಿ ಮಾತನಾಡಲು ಯಾರಿದ್ದರು? ಅದೇ ವರ್ಷ ಪುಟ್ಟ ಹೆಣ್ಣುಮಕ್ಕಳ ಸೌಂದರ್ಯ ಸ್ಪರ್ಧೆಗಳ ಕಾರ್ಯಕ್ರಮ ಬಂತು. 2012ರಲ್ಲಿ ಆ ಸ್ಪರ್ಧೆಗಳ ಒಬ್ಬ ಬಾಲಕಿಯ ಕುಟುಂಬವನ್ನೇ, ಜಾರ್ಜಿಯಾ ರಾಜ್ಯದ ಒಂದು ಸಣ್ಣ ಊರಿನ ಬಡ ಮನೆಯನ್ನು, ಪ್ರತ್ಯೇಕ ಕಾರ್ಯಕ್ರಮವಾಗಿಸಿ ಅವರ ಮಾತು, ಊಟ, ಮೈಕಟ್ಟು ಎಲ್ಲವನ್ನೂ ನಗೆಗೆ ಒಡ್ಡಲಾಯಿತು. ಗ್ರಾಮೀಣ ಬಡವರ ಮಕ್ಕಳಿಗೆ ಓದು ಚೆನ್ನಾಗಿ ಕಲಿಸಲಿ ಎಂದು ಅವರ ಶಿಕ್ಷಕರಿಗಾಗಿ ಹುಟ್ಟಿದ ವಾಹಿನಿ ಅದು. ಅಂಥದ್ದೇ ಬಡವರು ಸುಮಾರು ನಾಲ್ಕು ದಶಕದ ನಂತರ ಅದರ ಪರದೆಯ ಮೇಲೆ ನೋಟದ ವಸ್ತುಗಳಾದರು. ಈ ಒಂದು ಸಂಗತಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸುತ್ತದೆ.

ರಿಯಾಲಿಟಿ ಷೋಗಳು ಅಗ್ಗ ಎಂಬ ಕಾರಣವನ್ನು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಕಥೆ ಬರೆಯುವವರು, ನಟರು, ವಿಷಯ ತಜ್ಞರು, ವರ್ಷಗಟ್ಟಲೆ ಕಾಡಿನಲ್ಲಿ ಕಾದು ಕೂರುವ ಛಾಯಾಗ್ರಾಹಕರು ಇಲ್ಲಿ ಬೇಕಾಗುವುದಿಲ್ಲ. ಆದರೆ ನಾನು ಗಮನಿಸಿದ ಇನ್ನೊಂದು ಕಾರಣವಿದೆ. ಪಾಠವೆಂಬುದು ಮುಗಿಯುತ್ತದೆ. ಚಂದ್ರಗ್ರಹಣ ಹೇಗಾಗುತ್ತದೆ ಎಂದು ಚೆನ್ನಾಗಿ ವಿವರಿಸಿದ ಅರ್ಧ ಗಂಟೆಯ ಕಾರ್ಯಕ್ರಮವನ್ನು ನೋಡಿದ ಹುಡುಗಿ ತೃಪ್ತಳಾಗಿ ಎದ್ದು ಅಂಗಳಕ್ಕೆ ಹೋಗಿ ಆಕಾಶ ನೋಡಬಹುದು. ಒಳ್ಳೆಯ ಪಾಠದ ಗುರಿಯೇ ಅದು. ಜಾಹೀರಾತು ಮಾರುವವನಿಗೆ ಮಾತ್ರ ಎದ್ದುಹೋದ ನೋಡುಗ ನಷ್ಟ. ಜಗಳ ಮುಗಿಯುವುದಿಲ್ಲ, ಅನುಮಾನ ಮುಗಿಯುವುದಿಲ್ಲ, ಈ ವಾರ ಯಾರು ಮನೆಯಿಂದ ಹೊರಗೆ ಎಂಬ ಪ್ರಶ್ನೆ ಪ್ರತಿ ವಾರವೂ ಹೊಸದಾಗಿ ಹುಟ್ಟುತ್ತದೆ. ಬಿಡುವಿಗೆ ಮುಂಚೆ ಒಂದು ಕಣ್ಣೀರಿನ ದೃಶ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಬಿಡುವಿನ ನಂತರ ಅದನ್ನೇ ಮತ್ತೆ ಮೊದಲಿನಿಂದ ತೋರಿಸಿ, ಅದೇ ಮುಖಕ್ಕೆ ಮೂರು ಕೋನಗಳಿಂದ ಸಂಗೀತ ಬಡಿಸುವ ಕ್ರಮವನ್ನು ಯಾವ ಭಾಷೆಯ ವಾಹಿನಿಯಲ್ಲಾದರೂ ನೋಡಬಹುದು. ನೋಡುಗರನ್ನು ಅತೃಪ್ತಿಯಲ್ಲಿಯೇ ಕೂರಿಸಿಕೊಳ್ಳುವುದು ಈ ಪ್ರಕಾರದ ಮೂಲ ಲಕ್ಷಣ. ಹೀಗಿರುವಾಗ ಜಾಹೀರಾತನ್ನೇ ನಂಬಿದ ವಾಹಿನಿಯಲ್ಲಿ ಪಾಠ ಉಳಿಯಬೇಕೆಂದು ಅಪೇಕ್ಷಿಸುವುದಾದರೂ ಹೇಗೆ?

ಪಾಠ ಇಲ್ಲವಾಗುವುದಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಪಾಠದ ವೇಷದಲ್ಲಿ ಸುಳ್ಳು ಬರುವುದು ಇನ್ನೂ ಅಪಾಯಕಾರಿ. 1995ರಲ್ಲಿ ಆರಂಭವಾದ ಇತಿಹಾಸದ ವಾಹಿನಿಯೊಂದು ಹಿಮದ ರಸ್ತೆಯ ಲಾರಿ ಚಾಲಕರು, ಗಿರವಿ ಅಂಗಡಿಯ ವ್ಯಾಪಾರಗಳನ್ನು ದಾಟಿ, ಪ್ರಾಚೀನ ದೇವಾಲಯಗಳನ್ನು ಅನ್ಯಗ್ರಹದವರು ಕಟ್ಟಿರಬಹುದೆಂಬ ಊಹೆಗಳಿಗೆ ಬಂದು ನಿಂತಿತು. ಡಿಸ್ಕವರಿ ಒಡೆತನದ ಅನಿಮಲ್ ಪ್ಲಾನೆಟ್ 2012ರಲ್ಲಿ ಮತ್ಸ್ಯಕನ್ಯೆಯರಿದ್ದಾರೆ ಎಂಬಂತೆ ಸಾಕ್ಷ್ಯಚಿತ್ರದ ಧಾಟಿಯಲ್ಲಿ ಒಂದು ಕಾರ್ಯಕ್ರಮ ತೋರಿಸಿತು. ಅದರಲ್ಲಿ ವಿಜ್ಞಾನಿಗಳಾಗಿ ಕಾಣಿಸಿಕೊಂಡವರು ನಟರು. ಜನ ನಿಜವೇ ಎಂದು ಕೇಳತೊಡಗಿದ್ದರಿಂದ, ಅಂಥ ಜೀವಿಗಳಿಗೆ ಯಾವ ಪುರಾವೆಯೂ ಇಲ್ಲವೆಂದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯೇ ಪ್ರಕಟಣೆ ಹೊರಡಿಸಬೇಕಾಯಿತು. ಮರುವರ್ಷ ಡಿಸ್ಕವರಿ ವಾಹಿನಿಯೇ, ಲಕ್ಷಾಂತರ ವರ್ಷಗಳ ಹಿಂದೆ ಅಳಿದುಹೋದ ದೈತ್ಯ ಶಾರ್ಕ್ ಇನ್ನೂ ಬದುಕಿರಬಹುದೆಂದು ಅದೇ ಬಗೆಯಲ್ಲಿ ತೋರಿಸಿತು. ಅವುಗಳ ತುಣುಕುಗಳು ಮೊಬೈಲ್‌ಗಳಲ್ಲಿ ಓಡಾಡಿ ನಮ್ಮ ಹಳ್ಳಿಗಳನ್ನೂ ಮುಟ್ಟಿದವು. ಒಂಬತ್ತನೇ ತರಗತಿಯಲ್ಲಿ ಜೀವವಿಕಾಸದ ಪಾಠ ಮಾಡುತ್ತಿದ್ದಾಗ, ಬಹಳ ಚುರುಕಾದ ಹುಡುಗನೊಬ್ಬ ಎದ್ದು ನಿಂತು, "ಸಮುದ್ರದಾಗ ಅರ್ಧ ಮನಷ್ಯಾ ಅರ್ಧ ಮೀನ ಅದಾವಂತಲ್ರೀ ಸರ್, ವಿಜ್ಞಾನಿಗಳೇ ಹೇಳ್ಯಾರ್ರಿ, ಚಾನೆಲ್‌ನ್ಯಾಗ ತೋರಿಸ್ಯಾರ" ಎಂದಿದ್ದ. ಅವನು ಉಡಾಫೆಯಿಂದ ಕೇಳಿದ್ದಲ್ಲ. ಬಿಳಿ ಕೋಟು ತೊಟ್ಟು ಪ್ರಯೋಗಾಲಯದಲ್ಲಿ ನಿಂತು ಮಾತನಾಡಿದವರ ಮೇಲೆ ಅವನಿಗೆ ನಂಬಿಕೆಯಿತ್ತು. ಆ ನಂಬಿಕೆಯನ್ನು ನಾವು ಶಿಕ್ಷಕರೇ ಬೆಳೆಸಿದ್ದೆವು. ಅದನ್ನು ವಾಹಿನಿ ಬಳಸಿಕೊಂಡಿತು.

ಕನ್ನಡದ ಖಾಸಗಿ ವಾಹಿನಿಗಳ ಬಗ್ಗೆ ನ್ಯಾಯವಾಗಿ ಹೇಳುವುದಾದರೆ, ಅವು ಶೈಕ್ಷಣಿಕ ವಾಹಿನಿಗಳೆಂದು ಹೇಳಿಕೊಂಡು ಹುಟ್ಟಿದವಲ್ಲ. ಆದರೂ ಅವುಗಳಲ್ಲಿ ಕಲಿಕೆಗೆ ಒಂದಿಷ್ಟು ಜಾಗವಿತ್ತು. ಈಟಿವಿ ಕನ್ನಡದಲ್ಲಿ ರೈತರಿಗಾಗಿ 'ಅನ್ನದಾತ' ಬರುತ್ತಿತ್ತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ನಡೆಸಿಕೊಡುತ್ತಿದ್ದ 'ಎದೆ ತುಂಬಿ ಹಾಡುವೆನು' ಸ್ಪರ್ಧೆಯೇ ಆಗಿದ್ದರೂ, ಹಾಡಿದ ಮಗುವಿನ ಶ್ರುತಿ, ಉಚ್ಚಾರಣೆಗಳನ್ನು ತಿದ್ದಿ, ಆ ಹಾಡು ಯಾರದು, ಹೇಗೆ ಹುಟ್ಟಿತು ಎಂದು ಅವರು ಹೇಳುತ್ತಿದ್ದುದರಿಂದ ನೋಡುವವರಿಗೂ ಸಂಗೀತದ ಪಾಠವಾಗುತ್ತಿತ್ತು. ಸ್ಪರ್ಧೆ ಎಂಬ ಮಾತ್ರಕ್ಕೆ ಯಾವುದೂ ಕೀಳಲ್ಲ. 2013ರಲ್ಲಿ 'ಬಿಗ್ ಬಾಸ್' ಕನ್ನಡಕ್ಕೆ ಬಂದ ಮೇಲೆ, ಏನನ್ನಾದರೂ ಬಲ್ಲವರನ್ನು ತೋರಿಸುವ ಅಗತ್ಯವೇ ಹೋಗಿ, ಜೊತೆಗೆ ಕೂಡಿಹಾಕಿದವರ ಜಗಳವೇ ಸಾಕೆನ್ನುವ ಮಾದರಿ ಗಟ್ಟಿಯಾಯಿತು. ಅದಕ್ಕೂ ಕೆಲವು ವರ್ಷ ಮುಂಚೆ, ಹಳ್ಳಿಗಾಡಿನ ಯುವಕರನ್ನು ಪೇಟೆಗೆ ಕರೆತಂದು ಅವರ ತಬ್ಬಿಬ್ಬನ್ನೇ ಮನರಂಜನೆಯಾಗಿಸಿದ ಕಾರ್ಯಕ್ರಮವೂ ನಮ್ಮಲ್ಲಿ ಬಂದಿತ್ತು. ಜಾರ್ಜಿಯಾದ ಆ ಕುಟುಂಬದ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಆ ಹುಡುಗರು. ಇನ್ನು ಮಕ್ಕಳ ನೃತ್ಯ ಸ್ಪರ್ಧೆಗಳಲ್ಲಿ ವಯಸ್ಸಿಗೆ ತಕ್ಕುದಲ್ಲದ ಹಾವಭಾವಗಳನ್ನು ಮಾಡಿಸಬಾರದೆಂದು 2019ರ ಜೂನ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ವಾಹಿನಿಗಳಿಗೆ ಸಲಹೆ ಕಳುಹಿಸಬೇಕಾಯಿತು. ಮಕ್ಕಳಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಚಿತ್ರೀಕರಣದ ಕೆಲಸ ಮಾಡಿಸಬಾರದು, ಅವರ ಗಳಿಕೆಯ ಶೇ 20ರಷ್ಟನ್ನಾದರೂ ಅವರದೇ ಹೆಸರಿನಲ್ಲಿ ಬ್ಯಾಂಕ್ ಠೇವಣಿ ಇಡಬೇಕು ಎಂದು ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳಲ್ಲಿಯೇ ಇದೆ. ಮಗು ವೇದಿಕೆ ಏರಲಿ ಎಂದು ಹಂಬಲಿಸುವ ತಂದೆತಾಯಿಗಳು ಇದನ್ನು ತಿಳಿದಿರಬೇಕು.

ಈ ನಡುವೆಯೂ ಕನ್ನಡದಲ್ಲಿ ಉಳಿದಿರುವ ಒಂದು ಆಸರೆ ದೂರದರ್ಶನ ಚಂದನ. ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' 2002ರಲ್ಲಿ ಆರಂಭವಾಗಿ ಸಾವಿರಾರು ಕಂತುಗಳನ್ನು ಕಂಡಿದೆ. ಅಲ್ಲಿ ಸರಿಯುತ್ತರಕ್ಕೆ ಬಹುಮಾನವಾಗಿ ಸಿಗುವುದು ಪುಸ್ತಕ. ಸೋತವರು ಅಳುವುದನ್ನು ಹತ್ತಿರದಿಂದ ತೋರಿಸುವ ಕ್ಯಾಮೆರಾ ಅಲ್ಲಿಲ್ಲ. ತಪ್ಪು ಉತ್ತರ ಬಂದರೆ ಸರಿಯುತ್ತರದ ಹಿನ್ನೆಲೆಯನ್ನು ಸಮಾಧಾನವಾಗಿ ವಿವರಿಸಲಾಗುತ್ತದೆ. ಇಷ್ಟು ಸರಳವಾದ ಕಾರ್ಯಕ್ರಮವೊಂದು ಇಷ್ಟು ವರ್ಷ ನಡೆದಿರುವುದೇ, ಜನರಿಗೆ ಇಂಥದ್ದು ಬೇಡ ಎಂಬ ಮಾತಿಗೆ ಉತ್ತರ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ, ಸ್ಮಾರ್ಟ್‌ಫೋನ್ ಇಲ್ಲದ ಮನೆಗಳ ಮಕ್ಕಳಿಗೆ ಚಂದನದ 'ಸಂವೇದ' ಪಾಠಗಳು ಆಧಾರವಾದದ್ದನ್ನು ನಾನು ಶಿಕ್ಷಕನಾಗಿ ಕಂಡಿದ್ದೇನೆ. ಅದೇ ವೇಳೆ ಒಂದು ಕೊರತೆಯನ್ನೂ ಹೇಳಬೇಕು. ಸರ್ಕಾರಿ ಶೈಕ್ಷಣಿಕ ಟಿ.ವಿ. ಎಂದರೆ ಫಲಕದ ಮುಂದೆ ನಿಂತ ಅಧ್ಯಾಪಕರನ್ನು ಒಂದೇ ಕೋನದಿಂದ ಚಿತ್ರಿಸುವುದು ಎಂಬಂತಾಗಿದೆ. 1984ರಲ್ಲಿ ಯುಜಿಸಿ ಆರಂಭಿಸಿದ 'ದೇಶವ್ಯಾಪಿ ತರಗತಿ' ಎಂಬ ಟಿ.ವಿ. ಕಾರ್ಯಕ್ರಮದಲ್ಲಿ ಒಳ್ಳೆಯ ಚಿತ್ರಗಳಿದ್ದರೂ ಇಂಗ್ಲಿಷಿನಲ್ಲಿದ್ದುದರಿಂದ ನಮ್ಮ ಮಕ್ಕಳಿಗೆ ದಕ್ಕಲಿಲ್ಲ. ಈಗ 2022ರ ಬಜೆಟ್‌ನಲ್ಲಿ ಘೋಷಿಸಿದ 200 ವಾಹಿನಿಗಳ ಪಿಎಂ ಇ-ವಿದ್ಯಾ ಯೋಜನೆಯಲ್ಲಿ ಪ್ರಾದೇಶಿಕ ಭಾಷೆಗಳಿಗೆ ಜಾಗ ಸಿಕ್ಕಿದೆ, ಆದರೆ ವಾಹಿನಿಗಳ ಸಂಖ್ಯೆ ಹೆಚ್ಚಿದಷ್ಟು ಸುಲಭವಾಗಿ ಒಳ್ಳೆಯ ಕಾರ್ಯಕ್ರಮ ಹುಟ್ಟುವುದಿಲ್ಲ. ಅದಕ್ಕೆ ಕಾಯಂ ನಿರ್ಮಾಪಕರು, ಓಡಾಡಲು ಹಣ, ಒಂದು ಕಾರ್ಯಕ್ರಮಕ್ಕೆ ತಿಂಗಳುಗಟ್ಟಲೆ ದುಡಿಯುವ ಬಿಡುವು ಬೇಕು.

ಎಲ್ಲವೂ ಯೂಟ್ಯೂಬಿನಲ್ಲಿ ಇರುವಾಗ ಟಿ.ವಿ. ಯಾಕೆ ಎಂದು ಕೇಳುವವರಿದ್ದಾರೆ. ಹುಡುಕಲು ಏನನ್ನು ಹುಡುಕಬೇಕೆಂದು ಮೊದಲೇ ಗೊತ್ತಿರಬೇಕು. ಅದು ಗೊತ್ತಿಲ್ಲದ ಮಗುವಿಗೆ, ಅದರ ಅಜ್ಜಿಗೆ, ತಾವು ಕೇಳದೇ ಇದ್ದ ಹೊಸ ಸಂಗತಿಯೊಂದನ್ನು ಮನೆಯ ನಡುಕೋಣೆಗೆ ತಂದು ತೋರಿಸುವ ಕೆಲಸವನ್ನು ಟಿ.ವಿ. ಇಂದಿಗೂ ಮಾಡಬಲ್ಲದು. ಸಾರ್ವಜನಿಕ ಹಣದ ನೆರವು ಶಾಶ್ವತ ಎಂಬ ಭ್ರಮೆಯೂ ನನಗಿಲ್ಲ: ಅಮೆರಿಕದ ಸಂಸತ್ತು 2025ರ ಜುಲೈನಲ್ಲಿ ಅಲ್ಲಿನ ಸಾರ್ವಜನಿಕ ಪ್ರಸಾರಕ್ಕೆ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರ್ ಅನುದಾನವನ್ನು ಹಿಂತೆಗೆದುಕೊಂಡಿತು. ಆದುದರಿಂದಲೇ ನಾವು ಇಲ್ಲಿ ಎಚ್ಚರವಾಗಿರಬೇಕು.

ನಮ್ಮಲ್ಲಿ ಒಂದು ನಿಯಮ ಈಗಾಗಲೇ ಇದೆ ಎಂಬುದು ಹೆಚ್ಚಿನ ಓದುಗರಿಗೆ ತಿಳಿದಿರಲಾರದು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಖಾಸಗಿ ವಾಹಿನಿಗಳು, ಕ್ರೀಡಾ ವಾಹಿನಿಯಂಥ ಕೆಲವನ್ನು ಬಿಟ್ಟು, ದಿನಕ್ಕೆ ಕನಿಷ್ಠ 30 ನಿಮಿಷ ಶಿಕ್ಷಣ ಮತ್ತು ಸಾಕ್ಷರತೆ, ಕೃಷಿ, ಆರೋಗ್ಯ, ವಿಜ್ಞಾನ, ಮಹಿಳಾ ಕಲ್ಯಾಣ, ಪರಿಸರ ಮುಂತಾದ ಸಾರ್ವಜನಿಕ ಹಿತದ ವಿಷಯಗಳಿಗೆ ಮೀಸಲಿಡಬೇಕು. ಆದರೆ ಆ 30 ನಿಮಿಷ ಒಟ್ಟಿಗೆ ಇರಬೇಕಾಗಿಲ್ಲ, ತುಣುಕುತುಣುಕಾಗಿ ಹಂಚಬಹುದು. ಬೇರೆ ಕಾರ್ಯಕ್ರಮದೊಳಗೆ ಸೇರಿಕೊಂಡದ್ದನ್ನೂ ಲೆಕ್ಕಕ್ಕೆ ಹಿಡಿಯಬಹುದು. ಪಾಲಿಸಿದ್ದೇವೆಂದು ವಾಹಿನಿಯೇ ಸಚಿವಾಲಯದ ಪೋರ್ಟಲ್‌ನಲ್ಲಿ ವರದಿ ಹಾಕಿದರೆ ಸಾಕು. ಧಾರಾವಾಹಿಯ ಪಾತ್ರವೊಂದು ಗಿಡಕ್ಕೆ ನೀರು ಹಾಕಿದ್ದು ಪರಿಸರ ಜಾಗೃತಿಯ ಲೆಕ್ಕಕ್ಕೆ ಸೇರಿದರೂ ಕೇಳುವವರಿಲ್ಲ. ಸಂಜೆ ಆರರಿಂದ ರಾತ್ರಿ ಒಂಬತ್ತರೊಳಗೆ, ಮಕ್ಕಳು ಎಚ್ಚರವಿರುವ ಹೊತ್ತಿನಲ್ಲಿ, ಒಂದೇ ತುಂಡಾಗಿ ಅರ್ಧ ಗಂಟೆ ಎಂದು ಆ ನಿಯಮವನ್ನು ಬಿಗಿಗೊಳಿಸಬೇಕು. ಯಾವ ವಾಹಿನಿ ಯಾವ ದಿನ ಏನನ್ನು ಲೆಕ್ಕಕ್ಕೆ ತೋರಿಸಿತು ಎಂಬ ಪಟ್ಟಿಯನ್ನು ಸಚಿವಾಲಯ ಕನ್ನಡದಲ್ಲಿಯೂ ಸಾರ್ವಜನಿಕರಿಗೆ ಮುಕ್ತವಾಗಿಡಬೇಕು. ಕರ್ನಾಟಕದ ಸಂಸದರು ಯಾವ ಪಕ್ಷದವರೇ ಆಗಿರಲಿ, ಇದನ್ನು ಸಂಸತ್ತಿನಲ್ಲಿ ಕೇಳಬೇಕು. ಚಂದನದಲ್ಲಿ ನಿವೃತ್ತರಾದ ನಿರ್ಮಾಪಕರ ಜಾಗಗಳಿಗೆ ಕನ್ನಡ ಬಲ್ಲ ಹೊಸಬರನ್ನು ಕಾಯಂ ಆಗಿ ತುಂಬುವ ವಿಷಯವನ್ನೂ ಅದರ ಜೊತೆಗೇ ಎತ್ತಬೇಕು.

ನಿಮ್ಮ ಪತ್ರಿಕೆಗೂ ನನ್ನದೊಂದು ಬೇಡಿಕೆ ಇದೆ. ಕಿರುತೆರೆಗೆ ಮೀಸಲಾದ ಪುಟದಲ್ಲಿ ಈ ವಾರ ಯಾರು ಮನೆಯಿಂದ ಹೊರಬಿದ್ದರು ಎಂಬ ಸುದ್ದಿಗೆ ಕೊಡುವ ಜಾಗದ ಪಕ್ಕದಲ್ಲಿಯೇ, ಅಂದು ಚಂದನದಲ್ಲಿ ಮತ್ತು ಖಾಸಗಿ ವಾಹಿನಿಗಳಲ್ಲಿ ಮಕ್ಕಳು ನೋಡಬಹುದಾದ ವಿಜ್ಞಾನ, ಇತಿಹಾಸ, ಕೃಷಿ, ಸಾಹಿತ್ಯದ ಕಾರ್ಯಕ್ರಮಗಳನ್ನೂ ಅವುಗಳ ಸಮಯವನ್ನೂ ನಾಲ್ಕು ಸಾಲಿನಲ್ಲಿ ದಿನವೂ ಪ್ರಕಟಿಸಿ. ಅಂಥದ್ದು ಒಂದೂ ಇಲ್ಲದ ದಿನ, ಇಲ್ಲವೆಂದೇ ಅಚ್ಚು ಹಾಕಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ, ರಾಯಚೂರು ಜಿಲ್ಲೆ